ಕೆರೆ ತುಂಬಿದೆ, ಮಕ್ಕಳು ಜೋಪಾನ

ಅಕ್ಕಂದಿರೇ, ನಮ್ಮದು ಕೋಲಾರದ ಸೀಮೆ. ಇಲ್ಲಿ ಊರೂರಿಗೆ ಕೆರೆ. ಆದರೆ ಎಷ್ಟೋ ವರ್ಷ ಕೆರೆಯಲ್ಲಿ ನೀರೇ ಇರಲಿಲ್ಲ. ಕೆರೆ ಅಂಗಳದಲ್ಲಿ ಜಾಲಿ ಬೆಳೆಯಿತು. ಹುಡುಗರು ಅಲ್ಲೇ ಕ್ರಿಕೆಟ್ ಆಡಿದರು. ಇಟ್ಟಿಗೆಗೆ, ಹೊಲಕ್ಕೆ ಎಂದು ಜೆ.ಸಿ.ಬಿ. ತಂದು ಮಣ್ಣು ತೆಗೆದರು. ಆಳವಾದ ಗುಂಡಿಗಳು ಆದವು.

2018ರಲ್ಲಿ ಬೆಂಗಳೂರಿನಲ್ಲಿ ಶುದ್ಧ ಮಾಡಿದ ಕೊಳಚೆ ನೀರು ನಮ್ಮ ಜಿಲ್ಲೆಗೆ ಬಂತು. ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು. 2021ರಲ್ಲಿ ದೊಡ್ಡ ಮಳೆ ಆಯಿತು. ಎಷ್ಟೋ ಕೆರೆಗಳು ಕೋಡಿ ಹರಿದವು. ನಾವು ಬಾಗಿನ ಬಿಟ್ಟೆವು, ಸಂತೋಷಪಟ್ಟೆವು. ಗುಂಡಿಗಳನ್ನು ಮರೆತೆವು. ಅವು ನೀರಿನ ಕೆಳಗೆ ಹಾಗೇ ಇವೆ. ಮೇಲಿಂದ ನೋಡಿದರೆ ಎಲ್ಲಾ ಒಂದೇ ಸಮ. ಮೊಣಕಾಲುದ್ದ ನೀರು ಇರುತ್ತದೆ. ಇನ್ನೊಂದು ಹೆಜ್ಜೆ ಇಟ್ಟರೆ ಆಳು ಮುಳುಗುವಷ್ಟು ಆಳ.

ರಾತ್ರಿ ತರಗತಿಯಲ್ಲಿ ಒಬ್ಬ ಅಜ್ಜಿ ಹೇಳಿದರು:

"ನಮ್ಮ ಕಾಲದ ಹುಡುಗರು ಒಣ ಸೋರೆಬುರುಡೆ ಕಟ್ಕೊಂಡು ಈಜು ಕಲೀತಿದ್ರು. ನನ್ನ ಮಗ ಬಾವೀಲಿ ಕಲಿತ. ಮೊಮ್ಮಗನಿಗೆ ಎಲ್ಲಿ ಕಲಿಸೋದು? ಅವನು ಹುಟ್ಟಿದಾಗ ಬಾವೀನೂ ಒಣಗಿತ್ತು, ಕೆರೇನೂ ಒಣಗಿತ್ತು."

ಅಜ್ಜಿ ಮಾತು ನಿಜ. ಹುಡುಗನಿಗೆ ಮೀಸೆ ಚಿಗುರಿದೆ. ಧೈರ್ಯ ಇದೆ. ಈಜು ಮಾತ್ರ ಬರದು. ಹುಡುಗಿಯರಿಗಂತೂ ಆಗಲೂ ಯಾರೂ ಕಲಿಸಲಿಲ್ಲ, ಈಗಲೂ ಕಲಿಸುತ್ತಿಲ್ಲ. ಬಟ್ಟೆ ಒಗೆಯಲು ಮಾತ್ರ ಅವರನ್ನೇ ಕಳಿಸುತ್ತೇವೆ.

"ಮುಳುಗೋರು ಕೂಗ್ತಾರಲ್ವಾ ಟೀಚರಮ್ಮ? ನಮಗೆ ಕೇಳ್ಸುತ್ತೆ" ಎಂದಳು ಅಜ್ಜಿಯ ಸೊಸೆ.

ಇಲ್ಲ ತಾಯಿ. ಬಾಯಿ ನೀರೊಳಗೆ ಇರುತ್ತದೆ. ಉಸಿರಾಡಲೇ ಆಗದು, ಕೂಗೋದು ಹೇಗೆ? ನೀವು ಒಗೆಯುವ ಕಲ್ಲಿನ ಹತ್ತಿರವೇ ಮಗು ಸದ್ದಿಲ್ಲದೆ ಮುಳುಗಬಹುದು.

ಗೆಳೆಯನನ್ನು ಉಳಿಸಲು ಇನ್ನೊಬ್ಬ ಹಾರುತ್ತಾನೆ. ಮುಳುಗುವವನು ಅವನನ್ನು ಬಿಗಿಯಾಗಿ ತಬ್ಬಿಕೊಳ್ಳುತ್ತಾನೆ. ಇಬ್ಬರೂ ಹೋಗುತ್ತಾರೆ. ಆದ್ದರಿಂದ ಹಾರಬೇಡಿ. ಜನರನ್ನು ಕೂಗಿ. ಒಗೆಯಲು ತಂದ ಸೀರೆ ಇದೆಯಲ್ಲ? ಒಂದು ತುದಿಗೆ ಖಾಲಿ ಪ್ಲಾಸ್ಟಿಕ್ ಕ್ಯಾನು ಕಟ್ಟಿ ಎಸೆಯಿರಿ. ಕ್ಯಾನಿನ ಮುಚ್ಚಳ ಬಿಗಿಯಾಗಿರಲಿ. ಇನ್ನೊಂದು ತುದಿ ನಿಮ್ಮ ಕೈಯಲ್ಲಿರಲಿ. ನೀವು ದಡದಲ್ಲಿ ಮಲಗಿಕೊಂಡು ಎಳೆಯಿರಿ. ನಿಂತು ಎಳೆದರೆ ನೀವೂ ಜಾರುತ್ತೀರಿ.

ಮೇಲೆ ತಂದಮೇಲೆ ಏನು? ತಲೆಕೆಳಗಾಗಿ ಹೊತ್ತು ತಿರುಗಿಸುವುದು, ಹೊಟ್ಟೆ ಅದುಮುವುದು, ಉಪ್ಪಿನಲ್ಲಿ ಹೂಳುವುದು ಬೇಡ. ಇದರಿಂದ ಹೊತ್ತು ಹಾಳು, ಜೀವವೂ ಹೋಗುತ್ತದೆ. ಉಸಿರು ಇದ್ದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಉಸಿರು ಇಲ್ಲದಿದ್ದರೆ ಅಂಗಾತ ಮಲಗಿಸಿ. ಗದ್ದ ಎತ್ತಿ, ಮೂಗು ಮುಚ್ಚಿ, ಬಾಯಿಗೆ ಬಾಯಿ ಇಟ್ಟು 5 ಸಲ ಊದಿ. ಆಮೇಲೆ ಎದೆಯ ನಡುವೆ 30 ಸಲ ಜೋರಾಗಿ ಒತ್ತಿ, 2 ಸಲ ಊದಿ. ಹೀಗೇ ಮಾಡುತ್ತಿರಿ. ಇನ್ನೊಬ್ಬರು 108ಕ್ಕೆ ಫೋನು ಮಾಡಲಿ. ಮಗು ಎದ್ದು ಕೂತರೂ ಆಸ್ಪತ್ರೆಗೆ ಕರೆದೊಯ್ಯಿರಿ.

ಓದಿ, ಬರೆಯಿರಿ

ನಿಮ್ಮ ಊರ ಕೆರೆಯಲ್ಲಿ ಮಣ್ಣು ತೆಗೆದ ಗುಂಡಿ ಎಲ್ಲಿದೆ? ತೂಬಿನ ಹತ್ತಿರವೋ, ಏರಿಯ ಹತ್ತಿರವೋ? ಮಣ್ಣು ಹೊಡೆದ ಟ್ರ್ಯಾಕ್ಟರಿನವರನ್ನು ಕೇಳಿ. ಅಲ್ಲಿ ಗೂಟ ನೆಟ್ಟು ಕೆಂಪು ಬಟ್ಟೆ ಕಟ್ಟಿಸಿ ಎಂದು ಪಂಚಾಯಿತಿಗೆ ಒಂದು ಅರ್ಜಿ ಬರೆಯಿರಿ. ಕೆಳಗೆ ಹೆಬ್ಬೆಟ್ಟು ಬೇಡ, ನಿಮ್ಮ ಸಹಿ ಹಾಕಿ.