ಜಾಲ್ಸೂರು ಗಡಿ ಮತ್ತು ಸಂಶ್ಲೇಷಿತ ಓಪಿಯಾಯ್ಡ್: ಪರೀಕ್ಷಾ ಟಿಪ್ಪಣಿ

ಸುಳ್ಯದ ಜಾಲ್ಸೂರು, ಪುತ್ತೂರಿನ ಪಾಣಾಜೆ ಎರಡೂ ಕೇರಳದ ಅಂಚಿನವು. ಇಲ್ಲಿ ಗಾಂಜಾ ಹಿಡಿಯುವ ಕ್ರಮವನ್ನೇ ನೆಚ್ಚಿಕೊಂಡರೆ ಸಾಲದು. ಗಾಂಜಾ ಕಟ್ಟು ದೊಡ್ಡದು, ವಾಸನೆಯೂ ಜೋರು. 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಅದರ ವಾಣಿಜ್ಯ ಪ್ರಮಾಣ 20 ಕೆ.ಜಿ., ಹೆರಾಯಿನ್‌ಗೆ 250 ಗ್ರಾಂ. ಫೆಂಟನಿಲ್ ಎಂಬ ಸಂಶ್ಲೇಷಿತ ಓಪಿಯಾಯ್ಡ್‌ಗೆ ಬರೀ 0.1 ಗ್ರಾಂ, ಒಂದು ಚಿಟಿಕೆಗೂ ಕಡಿಮೆ. ಅಷ್ಟನ್ನು ಕಣ್ಣಳತೆಯಲ್ಲಿ ಹುಡುಕಲಾಗದು.

‘ಇಲ್ಲಿ ಸಿಗುವುದು ಎಂಡಿಎಂಎ ತಾನೇ?’ ಎನ್ನಬಹುದು. ಅಭ್ಯರ್ಥಿಗಳು ಎಡವುವುದೂ ಇಲ್ಲೇ: ಎಂಡಿಎಂಎ ಸಂಶ್ಲೇಷಿತ, ಆದರೆ ಓಪಿಯಾಯ್ಡ್ ಅಲ್ಲ. ಮಾರ್ಫಿನ್ ನೈಸರ್ಗಿಕ, ಹೆರಾಯಿನ್ ಅರೆಸಂಶ್ಲೇಷಿತ, ಟ್ರಮಡಾಲ್ ಸಂಶ್ಲೇಷಿತ (2018ರಲ್ಲಿ ಕಾಯ್ದೆಯೊಳಗೆ ಬಂತು). ಇಲ್ಲಿ ಸಿಗುವುದು ಎಂಡಿಎಂಎಯೇ ಆದರೂ ಓಪಿಯಾಯ್ಡ್ ಪತ್ತೆಯ ಉಪಕರಣದ ಖರ್ಚು ದಂಡವಲ್ಲ. 1928ರ ರಾಮನ್ ಪರಿಣಾಮವನ್ನು ಆಧರಿಸಿದ ಕೈಯಂತ್ರ ಪಾರದರ್ಶಕ ಪೊಟ್ಟಣ ಬಿಚ್ಚದೆಯೇ ಎಂಡಿಎಂಎ, ಓಪಿಯಾಯ್ಡ್ ಎರಡನ್ನೂ ಗುರುತಿಸಬಲ್ಲದು. ಬೆರಕೆಯಲ್ಲಿ ಫೆಂಟನಿಲ್ ತೀರಾ ಕಡಿಮೆಯಿದ್ದರೆ ಅದು ಸೋಲುತ್ತದೆ. ಆಗ ಫೆಂಟನಿಲ್ ಪರೀಕ್ಷಾ ಪಟ್ಟಿ ಬೇಕು. ಪಟ್ಟಿಯಲ್ಲಿ ಒಂದು ಗೆರೆ ಮೂಡಿದರೆ ಇದೆ, ಎರಡು ಮೂಡಿದರೆ ಇಲ್ಲ, ಗರ್ಭಪರೀಕ್ಷೆಗೆ ತೀರಾ ಉಲ್ಟಾ. ಯಂತ್ರ, ಪಟ್ಟಿ ಎರಡೂ ಕೊಡುವುದು ಪ್ರಾಥಮಿಕ ಸುಳಿವು ಮಾತ್ರ. ದೃಢೀಕರಣ ವಿಧಿವಿಜ್ಞಾನ ಪ್ರಯೋಗಾಲಯದ್ದು. ಪ್ರಯಾಣಿಕರ ಹಕ್ಕಿನ ಪ್ರಶ್ನೆ ಬಂದರೆ, ಎನ್‌ಡಿಪಿಎಸ್ ಕಾಯ್ದೆಯ ಕಲಂ 50 ಮೈ ತಪಾಸಣೆಗಷ್ಟೇ, ಚೀಲಕ್ಕಲ್ಲ (ಪವನ್ ಕುಮಾರ್ ಪ್ರಕರಣ, 2005).