ಬೀಜ ಬಿತ್ತುವ ಮೊದಲು ಕೇಳಬೇಕಾದ ಒಂದೇ ಕಾಗದ

ಬಂಟ್ವಾಳ ತಾಲೂಕಿನ ವಿಟ್ಲ, ಕನ್ಯಾನ, ಅಳಿಕೆ ಕಡೆಯ ಅಡಿಕೆ ತೋಟಗಳಿಗೆ ಹೊಸ ಬೆಳೆಯ ಮಾತು ಹೊತ್ತು ಬರುವವರು ಸಾಮಾನ್ಯವಾಗಿ ಕೆಟ್ಟ ವರ್ಷದಲ್ಲೇ ಬರುತ್ತಾರೆ. ಕೊಳೆರೋಗ ಫಸಲು ತಿಂದಿರುತ್ತದೆ, ಎಲೆಚುಕ್ಕಿ ಗುಡ್ಡದಿಂದ ಬಯಲಿಗೆ ಇಳಿಯುತ್ತಿರುತ್ತದೆ, ಹಳದಿ ಎಲೆ ರೋಗಕ್ಕೆ ಮದ್ದಿಲ್ಲ ಎಂಬುದು ಎಲ್ಲರಿಗೂ ಗೊತ್ತಿರುತ್ತದೆ. ಆ ಹೊತ್ತಿಗೆ ಅಂಗಳದಲ್ಲಿ ಒಬ್ಬ ಮನುಷ್ಯ ಕಡತ ಬಿಚ್ಚಿ ಕೂತು, "ಇದು ಗಾಂಜಾ ಅಲ್ಲ ಮಾರಾಯ್ರೇ, ಹೆಂಪ್. ನಶೆ ಇಲ್ಲ. ಉತ್ತರಾಖಂಡದಲ್ಲಿ ಸರಕಾರವೇ ಬಿಟ್ಟು ಕೊಟ್ಟುಂಟು" ಎನ್ನುತ್ತಾನೆ. ಹೇಳಿದ್ದರಲ್ಲಿ ಅರ್ಧ ನಿಜ. ರೈತರನ್ನು ನ್ಯಾಯಾಲಯದವರೆಗೆ ನಡೆಸುವುದು ಆ ಅರ್ಧ ನಿಜವೇ.

ನಿಜದ ಭಾಗ ಇದು. 2018ರಲ್ಲಿ ಉತ್ತರಾಖಂಡ ಸರಕಾರ ನಾರು ಮತ್ತು ಬೀಜಕ್ಕಾಗಿ ಹೆಂಪ್ ಬೆಳೆಯಲು ಪರವಾನಗಿ ಕೊಟ್ಟಿತು. ವಾಣಿಜ್ಯ ಬೇಸಾಯಕ್ಕೆ ಹಾಗೆ ದಾರಿ ತೆರೆದ ದೇಶದ ಮೊದಲ ರಾಜ್ಯ ಅದು. ಗಿಡದಲ್ಲಿ ನಶೆ ಬರಿಸುವ ಟಿಎಚ್‌ಸಿ ಅಂಶ ಶೇ. 0.3 ಮೀರಬಾರದು ಎಂಬುದು ಅಲ್ಲಿಯ ಷರತ್ತು. ಹಿಮಾಚಲ ಪ್ರದೇಶದ ಸಂಪುಟ 2025ರ ಜನವರಿಯಲ್ಲಿ ಪ್ರಾಯೋಗಿಕ ಅಧ್ಯಯನಕ್ಕೆ ಒಪ್ಪಿಗೆ ಕೊಟ್ಟಿತು. ಹೆಂಪ್ ಬೀಜ, ಬೀಜದ ಎಣ್ಣೆ, ಹಿಟ್ಟನ್ನು ಆಹಾರವಾಗಿ ಮಾರಬಹುದೆಂದು ಆಹಾರ ಸುರಕ್ಷತಾ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ, 2021ರ ನವೆಂಬರಿನಲ್ಲಿ ಅಧಿಸೂಚನೆ ಹೊರಡಿಸಿತು. ಇವೆಲ್ಲ ಸರಿ.

ಕರ್ನಾಟಕದ ಮಣ್ಣಿನಲ್ಲಿ ಮಾತ್ರ ಲೆಕ್ಕ ಬೇರೆ. 1985ರ ಮಾದಕ ವಸ್ತುಗಳ ಕಾಯ್ದೆ, ಎಲ್ಲರೂ ಎನ್‌ಡಿಪಿಎಸ್ ಎನ್ನುವುದು, ಗಾಂಜಾ ಗಿಡ ಮತ್ತು ಹೆಂಪ್ ಗಿಡ ಎಂದು ಎರಡು ಜಾತಿ ಮಾಡಿಲ್ಲ. ಕ್ಯಾನಬಿಸ್ ಕುಲದ ಯಾವುದೇ ಗಿಡ ಎಂದಷ್ಟೇ ಬರೆದಿದೆ. ಶೇ. 0.3ರ ಗೆರೆ ಆ ಕಾಯ್ದೆಯಲ್ಲೇ ಇಲ್ಲ. ಸೆಕ್ಷನ್ 8 ಬೆಳೆಯಬಾರದು ಎನ್ನುತ್ತದೆ. ಸೆಕ್ಷನ್ 20 ಬೆಳೆದರೆ 10 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ ಎನ್ನುತ್ತದೆ. ಸಾಗಾಟ, ದಾಸ್ತಾನಿಗೆ ಅಲ್ಪ ಪ್ರಮಾಣ, ವಾಣಿಜ್ಯ ಪ್ರಮಾಣ ಎಂಬ ಮಟ್ಟಗಳಿವೆ. ಗಾಂಜಾಕ್ಕೆ ಅವು 1 ಕಿಲೋ ಮತ್ತು 20 ಕಿಲೋ. ಬೆಳೆಸಿದ ಅಪರಾಧಕ್ಕೆ ಅಂಥ ಮಟ್ಟವಿಲ್ಲ. ಹಿತ್ತಲಿನ ಒಂದು ಗಿಡವೂ ಬೆಳೆಯೇ.

ಇದಕ್ಕೆ ಬಾಗಿಲು ಇಲ್ಲವೆಂದಲ್ಲ. ವೈದ್ಯಕೀಯ, ವೈಜ್ಞಾನಿಕ ಉದ್ದೇಶದ ಬೇಸಾಯಕ್ಕೆ ಸೆಕ್ಷನ್ 10ರಡಿ ರಾಜ್ಯ ಸರಕಾರ ಅನುಮತಿ ಕೊಡಬಹುದು. ನಾರು, ಬೀಜ ಅಥವಾ ತೋಟಗಾರಿಕೆಗಾಗಿ ಸೆಕ್ಷನ್ 14ರಡಿ ಸರಕಾರ ಸಾಮಾನ್ಯ ಇಲ್ಲವೇ ವಿಶೇಷ ಆದೇಶ ಹೊರಡಿಸಬಹುದು. ಉತ್ತರಾಖಂಡ ಹಿಡಿದದ್ದು ಈ ದಾರಿ. ಬಂಟ್ವಾಳದ ರೈತ ಅರ್ಜಿ ಹಾಕಿ ಪಡೆಯಬಹುದಾದಂಥ ಪರವಾನಗಿ ವ್ಯವಸ್ಥೆ ಕರ್ನಾಟಕದಲ್ಲಿ ಜಾರಿಯಲ್ಲಿಲ್ಲ. ಇಲ್ಲದ ಪರವಾನಗಿಯನ್ನು "ಮಾಡಿಸಿ ಕೊಡ್ತೇವೆ" ಎಂದು ಹಣ ಕೇಳುವವನನ್ನು ಅಲ್ಲೇ ನಿಲ್ಲಿಸಬೇಕು.

ಜನ ಹೆಚ್ಚು ಕಳೆದುಕೊಳ್ಳುವ ಜಾಗ ಇದೇ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲಬೇಕು. ಮಧ್ಯವರ್ತಿಯ ಕಡತದಲ್ಲಿ ಕಾಗದಗಳಿಗೆ ಬರವಿಲ್ಲ. ಮೇಲೆ ಕಂಪನಿ ನೋಂದಣಿ ಪ್ರಮಾಣಪತ್ರ, ಅಶೋಕ ಲಾಂಛನದ ಸಮೇತ. ಅದರ ಕೆಳಗೆ ಜಿಎಸ್‌ಟಿ, ಉದ್ಯಮ್ ನೋಂದಣಿ, ಸ್ಟಾರ್ಟ್‌ಅಪ್ ಮಾನ್ಯತೆ, ಎಫ್‌ಎಸ್‌ಎಸ್‌ಎಐ ಸಂಖ್ಯೆ, ಬೀಜದ ಪ್ರಯೋಗಾಲಯ ವರದಿ, ಬೇರೆ ರಾಜ್ಯದ ಪರವಾನಗಿಯ ಜೆರಾಕ್ಸ್. ಕೊನೆಗೆ ಪತ್ರಿಕೆಯ ತುಣುಕು. ಲಾಂಛನ, ಮೊಹರು, ಕ್ಯೂಆರ್ ಕೋಡ್ ಕಂಡ ಕೂಡಲೇ ಮನೆಯವರಿಗೆ ಧೈರ್ಯ ಬರುತ್ತದೆ. ಈ ಒಂದೊಂದೂ ಅಸಲಿ ಇರಬಹುದು. ಒಂದೂ ಬೆಳೆಯಲು ಅನುಮತಿ ಅಲ್ಲ.

ಕಂಪನಿ ನೋಂದಣಿ ಕಂಪನಿ ಹುಟ್ಟಿದ್ದಕ್ಕೆ ದಾಖಲೆ. ಎಫ್‌ಎಸ್‌ಎಸ್‌ಎಐ ಸಂಖ್ಯೆ ತಿನ್ನುವ ಪದಾರ್ಥ ಮಾರುವುದಕ್ಕೆ. ಪೌರಿ ಗಢವಾಲದ ಹೊಲಕ್ಕೆ ಕೊಟ್ಟ ಪರವಾನಗಿ ಪುಣಚದ ಸರ್ವೆ ನಂಬರಿಗೆ ಬರುವುದಿಲ್ಲ. ಬೀಜದ ವರದಿಯಲ್ಲಿ ಟಿಎಚ್‌ಸಿ ಸೊನ್ನೆ ಎಂದಿದ್ದರೂ ಪ್ರಕರಣದಲ್ಲಿ ಕೇಳುವ ಪ್ರಶ್ನೆ, ಕಿತ್ತ ಗಿಡ ಕ್ಯಾನಬಿಸ್ ಹೌದೋ ಅಲ್ಲವೋ ಎಂಬುದು. ಇನ್ನು ಪತ್ರಿಕೆಯ ತುಣುಕುಗಳು. 2020ರ ಡಿಸೆಂಬರ್ 2ರಂದು ವಿಶ್ವಸಂಸ್ಥೆಯ ಮಾದಕ ವಸ್ತು ಆಯೋಗ 27–25 ಮತಗಳಿಂದ ಗಾಂಜಾವನ್ನು ಅತಿ ಅಪಾಯಕಾರಿ ಪಟ್ಟಿಯಿಂದ ತೆಗೆದದ್ದು, ಭಾರತ ಅದರ ಪರ ಮತ ಹಾಕಿದ್ದು ಸತ್ಯ. ಅದರಿಂದ ಎನ್‌ಡಿಪಿಎಸ್ ಕಾಯ್ದೆಯ ಒಂದು ಅಕ್ಷರವೂ ಬದಲಾಗಿಲ್ಲ. ಕರ್ನಾಟಕ ಹೈಕೋರ್ಟ್ 2022ರಲ್ಲಿ ಭಂಗಿಯ ಬಗ್ಗೆ ಹೇಳಿದ ಮಾತನ್ನೂ ತೋರಿಸುತ್ತಾರೆ. ಅದು ಬೆಂಗಳೂರಿನ ಪ್ರಕರಣವೊಂದರ ಜಾಮೀನು ಆದೇಶ. ಗಿಡ ಬೆಳೆಸಲು ಯಾರಿಗೂ ಅದು ಅಪ್ಪಣೆ ಕೊಟ್ಟಿಲ್ಲ.

ಕೇಳಬೇಕಾದ ಕಾಗದ ಒಂದೇ: ಕರ್ನಾಟಕ ಸರಕಾರದ ಆದೇಶ, ಅದರಲ್ಲಿ ಬೆಳೆಯುವವರ ಹೆಸರು, ಸರ್ವೆ ನಂಬರು, ವಿಸ್ತೀರ್ಣ, ಅವಧಿ. ಅದು "ಪ್ರಾಸೆಸ್‌ನಲ್ಲಿ ಉಂಟು" ಎಂದರೆ ಇಲ್ಲ ಎಂದೇ ಅರ್ಥ.

ಬೀಜ ಕೈಯಲ್ಲಿದ್ದರೆ ಅಪರಾಧವೇ? ಇಲ್ಲಿ ಒಂದು ವಿನಾಯಿತಿ ಇದೆ. ಕಾಯ್ದೆಯ ವ್ಯಾಖ್ಯೆಯಂತೆ ಗಾಂಜಾ ಎಂದರೆ ಹೂ ಅಥವಾ ಕಾಯಿ ಬಿಟ್ಟ ತುದಿಗಳು. ತುದಿಯಿಂದ ಬೇರ್ಪಟ್ಟ ಬೀಜ, ಎಲೆ ಅದರೊಳಗೆ ಬರುವುದಿಲ್ಲ. ಹಾಗಾಗಿಯೇ ಅಂಗಡಿಯಲ್ಲಿ ಹೆಂಪ್ ಬೀಜದ ಪೊಟ್ಟಣ ಮಾರಲು ಸಾಧ್ಯ. ಅದೇ ಬೀಜ ಮಣ್ಣಿಗೆ ಬಿದ್ದು ಮೊಳೆತರೆ ವಿನಾಯಿತಿ ಅಲ್ಲಿಗೆ ಮುಗಿಯಿತು. "ಬೀಜ ಕಾನೂನುಬದ್ಧ" ಎಂಬ ಮಾತನ್ನು "ಬೆಳೆ ಕಾನೂನುಬದ್ಧ" ಎಂದು ಕೇಳಿಸಿಕೊಂಡವರು ಕಡಿಮೆಯಿಲ್ಲ. ಇಂಗ್ಲಿಷ್ ಹೆಸರಿನಲ್ಲಿ ಹೆಂಪ್ ಎಂದಿದ್ದರೂ ಹಸಿರೆಲೆ ಗೊಬ್ಬರಕ್ಕೆ ಬಿತ್ತುವ ಅಪ್ಸೆಣಬು, ನಾರಿಗಾಗಿ ಬೆಳೆಯುವ ಪುಂಡಿ ಬೇರೆ ಗಿಡಗಳು. ಅವುಗಳಿಗೆ ಯಾರ ಪರವಾನಗಿಯೂ ಬೇಡ.

ಇ-ಸ್ಟಾಂಪ್ ಕಾಗದದ ಮೇಲೆ ಒಪ್ಪಂದವಾದರೆ ಹಣಕ್ಕೆ ಭದ್ರತೆ ಎಂದು ನಂಬುವವರೂ ಇದ್ದಾರೆ. 1872ರ ಕರಾರು ಕಾಯ್ದೆಯ ಸೆಕ್ಷನ್ 23ರಂತೆ ಕಾನೂನುಬಾಹಿರ ಉದ್ದೇಶದ ಕರಾರು ಅನೂರ್ಜಿತ. ಕಂಪನಿ ಬೆಳೆ ಖರೀದಿಸದಿದ್ದರೆ ರೈತ ದಾವೆ ಹೂಡುವಂತಿಲ್ಲ. ಹೂಡಿದರೆ ಗಿಡ ಬೆಳೆದದ್ದನ್ನು ತಾನೇ ಬರೆದುಕೊಟ್ಟಂತೆ. ಒಪ್ಪಂದದ ಸಣ್ಣ ಅಕ್ಷರಗಳಲ್ಲಿ ಒಂದು ಸಾಲು ಹುಡುಕಬೇಕು: ಅಗತ್ಯ ಅನುಮತಿಗಳನ್ನು ಪಡೆಯುವ ಹೊಣೆ ಯಾರದು? ಅಲ್ಲಿ ಜಮೀನುದಾರನ ಹೆಸರಿದ್ದರೆ ಓದುವುದನ್ನು ಅಲ್ಲೇ ನಿಲ್ಲಿಸಬಹುದು. ಬಿತ್ತುವ ಮೊದಲೇ ಹಣ ಕೊಟ್ಟು ಮೋಸಹೋದವರ ಸ್ಥಿತಿ ಬೇರೆ. ಅವರು ವಂಚನೆಯ ದೂರು ಕೊಡಬಹುದು, ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 318ರಡಿ. "ಇಷ್ಟು ಠೇವಣಿಗೆ ಇಷ್ಟು ಆದಾಯ" ಎಂದು ಹಲವರಿಂದ ಹಣ ಎತ್ತಿದ್ದರೆ 2019ರ ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯ್ದೆಯೂ ಇದೆ. ಈಮು ಹಕ್ಕಿ ಸಾಕಣೆಯ ಹೆಸರಿನಲ್ಲಿ ಹಣ ಎತ್ತಿದ್ದ ತಮಿಳುನಾಡಿನ ಪೆರುಂದುರೈಯ ಸುಸಿ ಈಮು ಫಾರ್ಮ್ಸ್ 2012ರಲ್ಲಿ ಕುಸಿದಾಗ ಹಣ ಹಾಕಿದ ಸಾವಿರಾರು ಮಂದಿ ಬೀದಿಗೆ ಬಿದ್ದರು. ಅಲ್ಲಿ ಕೊನೆಪಕ್ಷ ಹಕ್ಕಿ ಸಾಕುವುದು ಅಪರಾಧವಾಗಿರಲಿಲ್ಲ.

ಜಮೀನನ್ನೇ ಗೇಣಿಗೆ ಕೊಡಿ, ಬೇಸಾಯ ನಾವು ಮಾಡುತ್ತೇವೆ ಎಂದರೆ? ಗೇಣಿದಾರರು ಡಿಕ್ಲರೇಷನ್ ಸಲ್ಲಿಸಿ ಜಮೀನು ಪಡೆದ ಕಾಲವನ್ನು ಕಂಡ ದಕ್ಷಿಣ ಕನ್ನಡದ ಹಿರಿಯರಿಗೆ ಇದನ್ನು ವಿವರಿಸಬೇಕಿಲ್ಲ. 1961ರ ಭೂಸುಧಾರಣಾ ಕಾಯ್ದೆಯ ಸೆಕ್ಷನ್ 5, ಕೆಲವು ವಿನಾಯಿತಿ ಬಿಟ್ಟರೆ, ಕೃಷಿ ಜಮೀನಿನ ಗೇಣಿಯನ್ನು ಈಗಲೂ ನಿಷೇಧಿಸುತ್ತದೆ. 2020ರ ತಿದ್ದುಪಡಿ ಕೃಷಿಕರಲ್ಲದವರಿಗೆ ಜಮೀನು ಕೊಳ್ಳಲು ಬಿಟ್ಟಿತೇ ಹೊರತು ಗೇಣಿಯ ಬಾಗಿಲು ತೆರೆಯಲಿಲ್ಲ. ಕುಮ್ಕಿಯಲ್ಲಿ ಬೆಳೆಯೋಣ ಎಂಬ ಸಲಹೆ ಇನ್ನೂ ಕೆಟ್ಟದ್ದು. ಕುಮ್ಕಿ ಸರಕಾರದ ಜಮೀನು. ವರ್ಗದಾರನಿಗೆ, ಅಂದರೆ ಪಕ್ಕದ ಪಟ್ಟಾ ಜಮೀನಿನ ಒಡೆಯನಿಗೆ, ಅಲ್ಲಿರುವುದು ಸೊಪ್ಪು, ಸೌದೆಯಂಥ ಸವಲತ್ತು ಮಾತ್ರ.

ಮುಂಬಯಿ, ದುಬೈಯಲ್ಲಿದ್ದುಕೊಂಡು ತೋಟವನ್ನು ಬೇರೆಯವರ ಕೈಗೆ ಬಿಟ್ಟವರು ಎನ್‌ಡಿಪಿಎಸ್ ಕಾಯ್ದೆಯ ಸೆಕ್ಷನ್ 46ನ್ನು ತಿಳಿದಿರಬೇಕು. ತನ್ನ ಜಮೀನಿನಲ್ಲಿ ಇಂಥ ಗಿಡ ಬೆಳೆದದ್ದು ಗೊತ್ತಾದ ಕೂಡಲೇ ಪೊಲೀಸರಿಗೆ ಅಥವಾ ಅಬಕಾರಿಯಂಥ ಇಲಾಖೆಯ ಅಧಿಕಾರಿಗೆ ತಿಳಿಸುವುದು ಜಮೀನುದಾರನ ಕರ್ತವ್ಯ. ಗೊತ್ತಿದ್ದೂ ಸುಮ್ಮನಿದ್ದರೆ ಅವನಿಗೂ ಶಿಕ್ಷೆ. ಫೋನಿನಲ್ಲಿ ಹೇಳಿ ಬಿಡಬಾರದು. ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕು, ದೂರದಲ್ಲಿದ್ದರೆ ಇಮೇಲ್ ಮತ್ತು ರಿಜಿಸ್ಟರ್ಡ್ ಅಂಚೆ. ಪಹಣಿಯಲ್ಲಿ ಅಣ್ಣತಮ್ಮಂದಿರ ಜಂಟಿ ಹೆಸರಿದ್ದರೆ ವಿಚಾರಣೆಯ ನೋಟಿಸು ವಯಸ್ಸಾದ ತಾಯಿಯ ಹೆಸರಿಗೂ ಬರಬಹುದು. ಜಮೀನನ್ನು ನಿಜವಾಗಿ ನೋಡಿಕೊಳ್ಳುವವರು ಯಾರು ಎಂಬುದಕ್ಕೆ ದಾಖಲೆ ಇಟ್ಟುಕೊಳ್ಳುವುದು ಆಗ ಉಪಯೋಗಕ್ಕೆ ಬರುತ್ತದೆ.

ಇಷ್ಟೆಲ್ಲದರ ನಡುವೆ ಪ್ರಾಮಾಣಿಕವಾಗಿ ಕೇಳಿ ತಿಳಿಯಲು ಹೊರಟ ರೈತನ ಪಾಡು ನೋಡಿದರೆ ಸಿಟ್ಟು ಬರುತ್ತದೆ. ರೈತ ಸಂಪರ್ಕ ಕೇಂದ್ರದವರು ತೋಟಗಾರಿಕೆಗೆ ಹೋಗಿ ಎನ್ನುತ್ತಾರೆ, ತೋಟಗಾರಿಕೆಯವರು ಅಬಕಾರಿಗೆ, ಅಬಕಾರಿಯವರು "ಮೇಲಿನಿಂದ ಏನೂ ಬಂದಿಲ್ಲ" ಎಂದು ತಲೆಯೆತ್ತದೆ ಹೇಳುತ್ತಾರೆ. ಯಾರೂ ಬರವಣಿಗೆಯಲ್ಲಿ ಉತ್ತರಿಸುವುದಿಲ್ಲ. ಈ ಮೌನವೇ ಮಧ್ಯವರ್ತಿಯ ಬಂಡವಾಳ. ಒಬ್ಬ ಅಧಿಕಾರಿ "ಬೆಳೆಯಬಹುದು ಅಂತ ಕಾಣುತ್ತೆ" ಎಂದು ಬಾಯಿಮಾತಿನಲ್ಲಿ ಹೇಳಿದರೆ ನಾಳೆ ಸಾಕ್ಷಿಗೆ ಬರುವವರಿಲ್ಲ.

ಅದಕ್ಕೆ ಮಾಹಿತಿ ಹಕ್ಕು ಅರ್ಜಿ. ಬೆಂಗಳೂರಿನ ಅಬಕಾರಿ ಆಯುಕ್ತರ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಬರೆದು, 10 ರೂಪಾಯಿ ಶುಲ್ಕ ಕಟ್ಟಿ, ಎನ್‌ಡಿಪಿಎಸ್ ಕಾಯ್ದೆಯ ಸೆಕ್ಷನ್ 10 ಅಥವಾ 14ರಡಿ ದಕ್ಷಿಣ ಕನ್ನಡದಲ್ಲಿ ಬೇಸಾಯಕ್ಕೆ ಆದೇಶವಾಗಿದ್ದರೆ ಪ್ರತಿ ಕೊಡಿ ಎಂದು ಕೇಳಬೇಕು. ಉತ್ತರಕ್ಕೆ 30 ದಿನ. ಆದರೆ ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, 150 ಪದ ಮೀರಬಾರದು. ಉದ್ದ ಬರೆದರೆ ಅದೇ ನೆಪದಲ್ಲಿ ತಿರಸ್ಕರಿಸುತ್ತಾರೆ. "ಬೆಳೆಯಬಹುದೇ?" ಎಂದು ಅಭಿಪ್ರಾಯ ಕೇಳಿದರೂ ಉತ್ತರ ಬಾರದು. ದಾಖಲೆಯನ್ನೇ ಕೇಳಬೇಕು. ಬರುವ "ಲಭ್ಯವಿಲ್ಲ" ಎಂಬ ಒಂದು ಸಾಲನ್ನು ಮಧ್ಯವರ್ತಿಯ ಕಡತದ ಪಕ್ಕ ಇಟ್ಟು ನೋಡಿದರಾಯಿತು.

ಹಾಗಾದರೆ ಈ ಕ್ಷೇತ್ರದಲ್ಲಿ ಕೆಲಸವೇ ಇಲ್ಲವೇ? ಇದೆ, ಕರ್ನಾಟಕದಲ್ಲಿ ಅದು ಹೊಲದಿಂದ ಹೊರಗಿದೆ. ಪರವಾನಗಿ ಪಡೆದ ಬೆಳೆಗಾರರಿಂದ ಬೀಜ ತರಿಸಿ ಎಣ್ಣೆ, ಹಿಟ್ಟು ಮಾಡುವ ಆಹಾರ ಘಟಕ ಎಫ್‌ಎಸ್‌ಎಸ್‌ಎಐ ಪರವಾನಗಿಯಡಿ ನಡೆಯಬಹುದು. ಬೀಜದಲ್ಲಿ ಟಿಎಚ್‌ಸಿ ಕಿಲೋಗೆ 5 ಮಿಲಿಗ್ರಾಂ, ಎಣ್ಣೆಯಲ್ಲಿ 10 ಮಿಲಿಗ್ರಾಂ ಮೀರುವಂತಿಲ್ಲ. ಇದನ್ನು ಅಳೆಯಲು ಪ್ರಯೋಗಾಲಯದಲ್ಲಿ ಪಳಗಿದವರು ಬೇಕು; ರಸಾಯನಶಾಸ್ತ್ರ, ಜೈವಿಕ ತಂತ್ರಜ್ಞಾನ ಓದಿದವರಿಗೆ ಅಲ್ಲಿ ಜಾಗವಿದೆ. ಎಲೆಯಿಂದ ಮಾಡುವ ಔಷಧ ಬೇರೆ ದಾರಿ. ಔಷಧ ನಿಯಮಗಳ ಇ-1 ಪಟ್ಟಿಯಲ್ಲಿ ಭಂಗಿ, ಗಾಂಜಾ ಎರಡೂ ಇವೆ. ಆಯುಷ್ ತಯಾರಿಕಾ ಪರವಾನಗಿ ಬೇಕು, ವೈದ್ಯರ ಮೇಲ್ವಿಚಾರಣೆಯಲ್ಲೇ ಸೇವಿಸಬೇಕೆಂಬ ಎಚ್ಚರಿಕೆ ಲೇಬಲ್ ಮೇಲೆ ಬೇಕು. ಮೂಡುಬಿದಿರೆಯಲ್ಲಿ ಆಯುರ್ವೇದ ಓದಿ ಹೊರಬರುವವರಿಗೆ ಇದು ನಿಜವಾದ ಅವಕಾಶ. ಬೇಸಾಯವನ್ನೇ ಕಲಿಯಬೇಕೆಂದರೆ ಉತ್ತರಾಖಂಡದಲ್ಲಿ ಪರವಾನಗಿ ಇರುವ ಹೊಲದಲ್ಲಿ, ಇಲ್ಲವೇ ಜಮ್ಮುವಿನ ಸಿಎಸ್‌ಐಆರ್ ಸಂಸ್ಥೆಯಂಥ ಸಂಶೋಧನಾ ಕೇಂದ್ರದಲ್ಲಿ ಕಲಿಯಬಹುದು.

ಕಾಲೇಜು ಮುಗಿಸಿದವರಿಗೆ ಬರುವ "ಫೀಲ್ಡ್ ಆಫೀಸರ್" ಕೆಲಸದ ಬಗ್ಗೆ ಮಾತ್ರ ಹೆಚ್ಚು ಎಚ್ಚರ ಬೇಕು. ಸಂಬಳ ಕಡಿಮೆ, ಸೇರಿಸಿದ ಒಬ್ಬೊಬ್ಬ ರೈತನಿಗೂ ಕಮಿಷನ್. ಅನುಮತಿಯಿಲ್ಲದ ಬೇಸಾಯಕ್ಕೆ ರೈತರನ್ನು ಒಪ್ಪಿಸಿದವನ ಮೇಲೆ ಎನ್‌ಡಿಪಿಎಸ್ ಕಾಯ್ದೆಯ ಸೆಕ್ಷನ್ 29, ಅಂದರೆ ಪ್ರಚೋದನೆ ಮತ್ತು ಒಳಸಂಚು, ಬೀಳಬಹುದು. ಶಿಕ್ಷೆ ಬೆಳೆದವನಿಗೆ ಇರುವಷ್ಟೇ. ಕಂಪನಿಯ ಮಾಲೀಕ ದೂರದ ಊರಿನಲ್ಲಿರುತ್ತಾನೆ. ಒಪ್ಪಂದದಲ್ಲಿ ಸಾಕ್ಷಿಯ ಸಹಿ ಹಾಕಿದವನು, ವಾಟ್ಸ್‌ಆ್ಯಪ್‌ನಲ್ಲಿ ಬೀಜದ ಲೆಕ್ಕ ಕಳಿಸಿದವನು ಊರಿನ ಹುಡುಗ.

ಪೊಲೀಸರು ಬಂದೇ ಬಿಟ್ಟರೆ ಗಿಡ ಕಿತ್ತು ಸುಡುವ ಬುದ್ಧಿ ಬೇಡ. ಅದು ಸಾಕ್ಷ್ಯನಾಶವಾಗುತ್ತದೆ. ಬಂಧನದ ಕಾರಣವನ್ನು ಅರ್ಥವಾಗುವ ಭಾಷೆಯಲ್ಲಿ ಬರವಣಿಗೆಯಲ್ಲಿ ಕೊಡಬೇಕೆಂದು ಸುಪ್ರೀಂ ಕೋರ್ಟ್ ಹೇಳಿದೆ. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಗೆಜೆಟೆಡ್ ಅಧಿಕಾರಿಯ ಎದುರು ಶೋಧ ನಡೆಯಲಿ ಎಂದು ಕೇಳುವ, ಎನ್‌ಡಿಪಿಎಸ್ ಕಾಯ್ದೆಯ ಸೆಕ್ಷನ್ 50ರ ಹಕ್ಕು ಮೈ ತಪಾಸಣೆಗೆ ಮಾತ್ರ, ತೋಟದ ಶೋಧಕ್ಕಲ್ಲ. ಮಹಜರು ಓದದೆ ಸಹಿ ಬೇಡ, ಖಾಲಿ ಹಾಳೆಗಂತೂ ಬೇಡವೇ ಬೇಡ. ತೂಕ ಹೇಗೆ ಹಾಕಿದರು ಎಂಬುದನ್ನು ಕಣ್ಣಿಟ್ಟು ನೋಡಬೇಕು. ಬೇರು, ಮಣ್ಣು, ಹಸಿ ಕಾಂಡ, ಎಲೆ ಎಲ್ಲ ಸೇರಿಸಿ ತೂಗಿ 20 ಕಿಲೋ ದಾಟಿಸಿದರೆ ವಾಣಿಜ್ಯ ಪ್ರಮಾಣವೆಂದು ಸೆಕ್ಷನ್ 37 ಅಡ್ಡ ಬಂದು ಜಾಮೀನು ಬಹಳ ಕಷ್ಟವಾಗುತ್ತದೆ. ಹೂವಿನ ತುದಿಗಳನ್ನು ಬೇರ್ಪಡಿಸಿ ತೂಗಿದರೋ ಇಲ್ಲವೋ ಎಂಬುದು ವಕೀಲರಿಗೆ ಮೊದಲ ದಿನವೇ ಗೊತ್ತಾಗಬೇಕು.

ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಬಿ.ಸಿ. ರೋಡಿನ ನ್ಯಾಯಾಲಯದಲ್ಲಿ ಬಂಟ್ವಾಳ ತಾಲೂಕು ಕಾನೂನು ಸೇವಾ ಸಮಿತಿ, ಮಂಗಳೂರಿನಲ್ಲಿ ಜಿಲ್ಲಾ ಪ್ರಾಧಿಕಾರ ಇವೆ. ದೂರವಾಣಿ 15100. ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರು, ಬಂಧನದಲ್ಲಿರುವವರು ಆದಾಯದ ಮಿತಿಯಿಲ್ಲದೆ ಉಚಿತ ವಕೀಲರನ್ನು ಪಡೆಯಬಹುದು. ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಅದನ್ನು ಓದಿಸಿಕೊಳ್ಳಲೂ ಇಲ್ಲಿಗೆ ಹೋಗಬಹುದು. ಕಾನೂನು ಸಲಹೆಯೂ ಈ ಸೇವೆಯ ಭಾಗವೇ. ಹೋಗುವಾಗ ಪಹಣಿ, ಒಪ್ಪಂದದ ಕರಡು, ಹಣ ಕೊಟ್ಟಿದ್ದರೆ ಬ್ಯಾಂಕಿನ ವಿವರ, ಮಧ್ಯವರ್ತಿ ಕಳಿಸಿದ ಸಂದೇಶಗಳ ಪ್ರತಿ ಜೊತೆಗಿರಲಿ.