ಬಡಗಿಯ ಕೆಲಸದ ಮನೆಯ ಧೂಳು

ಬಡಗಿಯ ಕೆಲಸದ ಮನೆಯನ್ನು ಹೊಕ್ಕವರಿಗೆ ಮೊದಲು ಕಾಣುವುದು ತೋಪಡದಿಂದ ಬಿದ್ದ ಸುರುಳಿಗಳು, ಗರಗಸದಿಂದ ಉದುರಿದ ಹೊಟ್ಟು. ಸಂಜೆ ಇವನ್ನು ಗುಡಿಸಿ ಹೊರಗೆ ಹಾಕಿದರೆ ಕೆಲಸದ ಮನೆ ಶುದ್ಧವಾಯಿತೆಂದು ನಾವು ತಿಳಿಯುತ್ತೇವೆ. ಆದರೆ ಉಪ್ಪುಕಾಗದದಿಂದ ಉಜ್ಜುವಾಗ ಏಳುವ ನುಣ್ಣನೆಯ ಧೂಳು ಪೊರಕೆಗೆ ಸಿಕ್ಕುವುದಿಲ್ಲ. ಹೆಚ್ಚಿನ ಅಪಾಯವಿರುವುದು ಅದರಲ್ಲಿಯೇ. ಕಾರಣವೇನೆಂಬುದನ್ನು ವಿಚಾರಮಾಡೋಣ.

ಗಾಳಿಯಲ್ಲಿರುವ ಕಣವನ್ನು ಭೂಮಿಯು ಕೆಳಕ್ಕೆ ಎಳೆಯುತ್ತದೆ. ಗಾಳಿಯ ಸ್ನಿಗ್ಧತೆಯು ಅದನ್ನು ತಡೆಯುತ್ತದೆ. ಇವೆರಡೂ ಸಮವಾದಾಗ ಕಣವು ಒಂದೇ ವೇಗದಿಂದ ಇಳಿಯತೊಡಗುವುದು. ಸಣ್ಣ ಕಣಗಳಲ್ಲಿ ಈ ವೇಗವು ವ್ಯಾಸದ ವರ್ಗಕ್ಕೆ ಅನುಪಾತವಾಗಿರುತ್ತದೆಂದು ಸ್ಟೋಕ್ಸ್ ಎಂಬ ವಿಜ್ಞಾನಿಯ ನಿಯಮವು ತಿಳಿಸುತ್ತದೆ. ವ್ಯಾಸವು ಅರ್ಧವಾದರೆ ವೇಗವು ಕಾಲುಭಾಗಕ್ಕೆ ಇಳಿಯುತ್ತದೆ. ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ವ್ಯಾಸವುಳ್ಳ ಮರದ ಕಣವು ಒಂದೂವರೆ ಮೀಟರು ಎತ್ತರದಿಂದ ಸುಮಾರು 10 ಸೆಕೆಂಡುಗಳಲ್ಲಿ ನೆಲವನ್ನು ಸೇರುತ್ತದೆ. ನೂರನೆಯ ಒಂದು ಭಾಗದಷ್ಟಿರುವ ಕಣಕ್ಕೆ ಸುಮಾರು 14 ನಿಮಿಷಗಳು ಬೇಕು. ಅದರಲ್ಲಿ ಅರ್ಧದಷ್ಟಿರುವುದಕ್ಕೆ ಹೆಚ್ಚು ಕಡಮೆ ಒಂದು ಗಂಟೆ. ಇದು ಗಾಳಿಯು ನಿಶ್ಚಲವಾಗಿರುವಾಗಿನ ಮಾತು. ಜನರು ಓಡಾಡುವ ಕೋಣೆಯಲ್ಲಿ ಗಾಳಿಯು ನಿಶ್ಚಲವಾಗಿರುವುದೆಲ್ಲಿ? ಇಳಿದ ಧೂಳನ್ನೂ ಪೊರಕೆಯು ಪುನಃ ಎಬ್ಬಿಸುತ್ತದೆ.

ಈ ಗಾಳಿಯನ್ನೇ ಬಡಗಿಯು ದಿನವೂ ಉಸಿರಾಡಬೇಕು. ಮರದ ಧೂಳು ಮನುಷ್ಯರಲ್ಲಿ ಕ್ಯಾನ್ಸರ್ ರೋಗವನ್ನು, ವಿಶೇಷವಾಗಿ ಮೂಗಿನ ಒಳಭಾಗದಲ್ಲಿ, ಉಂಟುಮಾಡಬಲ್ಲುದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರಲ್ಲಿ ಸಾರಿತು. ಇನ್ನೊಂದು ಅಪಾಯವೂ ಉಂಟು. ದಟ್ಟವಾಗಿ ಹರಡಿದ ಒಣ ಧೂಳಿಗೆ ಕಿಡಿ ತಗುಲಿದರೆ ಅದು ಸಿಡಿಮದ್ದಿನಂತೆ ಸ್ಫೋಟಿಸಬಹುದು. 2012ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತದ ಎರಡು ಮರ ಕೊಯ್ಯುವ ಕಾರ್ಖಾನೆಗಳಲ್ಲಿ ಹೀಗಾಗಿ ನಾಲ್ವರು ಕೆಲಸಗಾರರು ಮೃತರಾದರು.

ಆದುದರಿಂದ ಧೂಳನ್ನು ಹುಟ್ಟಿದಲ್ಲಿಯೇ ಹಿಡಿದು ಕೋಣೆಯ ಹೊರಕ್ಕೆ ಸಾಗಿಸಬೇಕು. ಗರಗಸದ ಬಳಿಯಿಂದಲೇ ಕೊಳವೆಯೊಂದು ಧೂಳನ್ನು ಹೀರಿ, ಗೋಡೆಯಾಚೆ ನಿಲ್ಲಿಸಿದ ಸೈಕ್ಲೋನ್ ಎಂಬ ಶಂಕುವಿನಾಕಾರದ ಪಾತ್ರೆಗೆ ಒಯ್ಯುತ್ತದೆ. ಅಲ್ಲಿ ಗಾಳಿಯು ಸುಳಿಯಾಗಿ ಸುತ್ತುತ್ತದೆ. 25 ಸೆಂಟಿಮೀಟರು ತ್ರಿಜ್ಯದಲ್ಲಿ, ಸೆಕೆಂಡಿಗೆ 15 ಮೀಟರು ವೇಗದಿಂದ ಸುತ್ತುವ ಕಣವು ತನ್ನ ತೂಕದ ಸುಮಾರು 90ರಷ್ಟು ಬಲದಿಂದ ಹೊರಕ್ಕೆ ತಳ್ಳಲ್ಪಟ್ಟಂತೆ ಗೋಡೆಯನ್ನು ಸೇರಿ, ಜಾರಿ, ಕೆಳಗಿನ ಪೀಪಾಯಿಗೆ ಬೀಳುತ್ತದೆ. ಇದಕ್ಕೂ ಸಿಕ್ಕದ ಅತಿ ಸಣ್ಣ ಕಣಗಳಿಗಾಗಿ ಮುಂದೆ ಬಟ್ಟೆಯ ಶೋಧಕವನ್ನಿಡುತ್ತಾರೆ.

ಪೀಪಾಯಿಯನ್ನು ಆಗಾಗ ಬರಿದುಮಾಡಬೇಕು. ಅಗಸೆ ಎಣ್ಣೆಯಲ್ಲಿ ನೆನೆದ ಚಿಂದಿಯನ್ನು ಹೊಟ್ಟಿನೊಡನೆ ಎಂದಿಗೂ ಬೆರೆಸಕೂಡದು. ಆ ಎಣ್ಣೆಯು ಗಾಳಿಯ ಆಮ್ಲಜನಕದೊಡನೆ ಸೇರಿ ಬಿಸಿಯೇರಿ, ತಾನಾಗಿಯೇ ಹೊತ್ತಿಕೊಳ್ಳಬಹುದು.

ಯಂತ್ರವನ್ನು ಕೊಳ್ಳಲಾಗದ ಬಡಗಿಯು ಉಪ್ಪುಕಾಗದದ ಕೆಲಸವನ್ನು ಅಂಗಳದಲ್ಲಿ, ಗಾಳಿಯು ಪಕ್ಕದಿಂದ ಬೀಸುವಂತೆ ನಿಂತು, ಧೂಳು ತಡೆಯುವ ಮುಖಗವಸನ್ನು ಧರಿಸಿ ಮಾಡಬಹುದು. ಒಳಗಿನ ನೆಲವನ್ನು ಒದ್ದೆಬಟ್ಟೆಯಿಂದ ಒರೆಸಬಹುದು. ನೆಲದ ಮೇಲಿನ ಹೊಟ್ಟು ನಾಳೆಯವರೆಗೂ ಕಾದೀತು. ಗಾಳಿಯಲ್ಲಿರುವ ಧೂಳು ಮುಂದಿನ ಉಸಿರಿನವರೆಗೂ ಕಾಯದು.